ಸೀಸೆಯ ಮೇಲಿನ ಹೆಸರು, ಸೀಸೆಯೊಳಗಿನ ಗುಟ್ಟು
ವಿಕ್ಟೋರಿಯಾ ಕಾಲದ ಪೇಟೆಂಟ್ ಔಷಧಿಗಳು ಮತ್ತು ನಮ್ಮ ಮನೆಗಳು

ನಾನು ವೃತ್ತಿಯಿಂದ ಫಾರ್ಮಸಿಸ್ಟ್. ಮಸ್ಕತ್‌ನ ಕನ್ನಡಿಗರ ಮನೆಗಳಲ್ಲಿ ಔಷಧಿ ಡಬ್ಬಿ ತೆರೆದರೆ ಏನೇನು ಸಿಗುತ್ತದೆ ಎಂದು ಹೆಚ್ಚುಕಡಿಮೆ ಹೇಳಬಲ್ಲೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳ ಪಕ್ಕದಲ್ಲಿ ಅಮೃತಾಂಜನ, ಕೂಸಿರುವ ಮನೆಯಾದರೆ ಗ್ರೈಪ್ ವಾಟರ್, ಊರಿನಿಂದ ತಂದ ಚೂರ್ಣ ಇರುತ್ತವೆ. ಕೆಲವೊಮ್ಮೆ ಮೇಲೆ ಏನೂ ಬರೆಯದ ಒಂದು ಪೊಟ್ಟಣವೂ ಇರುತ್ತದೆ. ಇವುಗಳಲ್ಲಿ ಎರಡು ಹೆಸರುಗಳು ವಿಕ್ಟೋರಿಯಾ ರಾಣಿಯ ಕಾಲದವು. ವುಡ್‌ವರ್ಡ್ಸ್ ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿತು, ಅಮೃತಾಂಜನ 1893ರಲ್ಲಿ ಮುಂಬಯಿಯಲ್ಲಿ. ಸಾಮ್ರಾಜ್ಯವೇ ಹೋದರೂ ಈ ಹೆಸರುಗಳು ಉಳಿದದ್ದು ಹೇಗೆ? ಈ ಕುತೂಹಲದಿಂದ ಓದತೊಡಗಿದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಪೇಟೆಂಟ್ ಇಲ್ಲದ ಪೇಟೆಂಟ್ ಔಷಧಿ

ಮೊದಲಿಗೆ ಹೆಸರಿನ ವಿಚಾರ. ‘ಪೇಟೆಂಟ್ ಔಷಧಿ’ಗಳಲ್ಲಿ ಬಹುಪಾಲು ಔಷಧಿಗಳಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕೆಂದರೆ ಏನನ್ನು ಹೇಗೆ ತಯಾರಿಸಿದ್ದೇವೆ ಎಂದು ಬಹಿರಂಗಪಡಿಸಬೇಕು. ಈ ವ್ಯಾಪಾರದ ಬಂಡವಾಳವೇ ಗುಟ್ಟು. ಆದ್ದರಿಂದ ಮಾಲೀಕರು ಪಾಕವನ್ನು ಮುಚ್ಚಿಟ್ಟು ಹೆಸರನ್ನು ಮಾತ್ರ ತಮ್ಮದಾಗಿಸಿಕೊಂಡರು.

ಬ್ರಿಟಿಷ್ ಸರ್ಕಾರ 1783ರಿಂದಲೇ ಇಂಥ ಔಷಧಿಗಳ ಮೇಲೆ ತೆರಿಗೆ ಹಾಕುತ್ತಿತ್ತು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಸೀಸೆ ಅಥವಾ ಡಬ್ಬಿಯ ಮೇಲೆ ಸರ್ಕಾರಿ ಮುದ್ರೆಯ ಚೀಟಿ ಅಂಟಿಸಬೇಕಿತ್ತು. ಸರ್ಕಾರಕ್ಕೆ ಅದು ವಸೂಲಿಯ ರಸೀದಿ, ಕೊಳ್ಳುವವನ ಕಣ್ಣಿಗೆ ಅದು ಸರ್ಕಾರವೇ ಕೊಟ್ಟ ಯೋಗ್ಯತಾಪತ್ರ. ಮಾರುವವರಿಗೆ ಈ ತಪ್ಪು ತಿಳಿವಳಿಕೆಯಿಂದ ಲಾಭವೇ ಇತ್ತು.

ಈ ವ್ಯಾಪಾರದ ದೊಡ್ಡ ಹೆಸರು ಥಾಮಸ್ ಹಾಲೊವೇ. 1837ರಲ್ಲಿ, ಅಂದರೆ ವಿಕ್ಟೋರಿಯಾ ಪಟ್ಟವೇರಿದ ವರ್ಷವೇ, ಆತ ಲಂಡನ್‌ನಲ್ಲಿ ಮುಲಾಮು ಮಾರಲು ತೊಡಗಿದ. ಗುಳಿಗೆ ಆಮೇಲೆ ಬಂತು. 1883ರಲ್ಲಿ ಸಾಯುವ ಹೊತ್ತಿಗೆ ಜಾಹೀರಾತಿಗೇ ವರ್ಷಕ್ಕೆ ಸುಮಾರು 50,000 ಪೌಂಡ್ ಸುರಿಯುತ್ತಿದ್ದ. ಅರಬ್ಬಿ, ಚೀನೀ ಮತ್ತು ಭಾರತದ ಹಲವು ಭಾಷೆಗಳಲ್ಲಿ ಬಳಕೆಯ ಸೂಚನೆಗಳನ್ನು ಅಚ್ಚು ಹಾಕಿಸಿದ್ದ. ಮಲಬದ್ಧತೆಗೆ ಕೊಡುವ ಲೋಳೆಸರದಂಥ ವಸ್ತುವೇ ಮುಖ್ಯವಾಗಿದ್ದ ಆ ಗುಳಿಗೆಯನ್ನು ದೇಹದ ಸಕಲ ರೋಗಕ್ಕೂ ಮದ್ದೆಂದು ಮಾರಿದ. ಆ ಹಣದಿಂದಲೇ ಆತ ಹೆಣ್ಣುಮಕ್ಕಳಿಗಾಗಿ ಕಟ್ಟಿಸಿದ ಕಾಲೇಜು ಇಂದಿಗೂ ರಾಯಲ್ ಹಾಲೊವೇ ಎಂಬ ಹೆಸರಿನಲ್ಲಿ ಲಂಡನ್ ವಿಶ್ವವಿದ್ಯಾಲಯದ ಭಾಗವಾಗಿದೆ. 1886ರಲ್ಲಿ ಅದನ್ನು ಉದ್ಘಾಟಿಸಿದವಳು ಸ್ವತಃ ವಿಕ್ಟೋರಿಯಾ ರಾಣಿ.

ಬೀಚಮ್ಸ್ ಗುಳಿಗೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಡಬ್ಬಿಯೊಂದಕ್ಕೆ ಒಂದು ಗಿನಿ, ಅಂದರೆ 21 ಷಿಲಿಂಗ್, ಕೊಟ್ಟರೂ ನಷ್ಟವಿಲ್ಲ ಎಂಬ ಅರ್ಥದ ಘೋಷಣೆ ಅದರದು. ಮಾರುತ್ತಿದ್ದುದು ಒಂದು ಷಿಲಿಂಗ್ ಒಂದೂವರೆ ಪೆನ್ನಿಗೆ. ಬ್ರಿಟಿಷ್ ವೈದ್ಯಕೀಯ ಸಂಘ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಲೋಳೆಸರದ ಒಣ ರಸ, ಶುಂಠಿ ಮತ್ತು ಸಾಬೂನು. 56 ಗುಳಿಗೆಗಳ ಒಟ್ಟು ಸಾಮಗ್ರಿಯ ಬೆಲೆ ಸುಮಾರು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೆಯ ಒಂದು ಪಾಲು. ಕೊಂಡವನು ಕೊಟ್ಟ ಹಣದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಔಷಧಿಗೆ ಹೋಗುತ್ತಿತ್ತು. ಉಳಿದದ್ದು ತೆರಿಗೆ, ಜಾಹೀರಾತು, ಅಂಗಡಿಯವನ ಪಾಲು ಮತ್ತು ಲಾಭ.

ಟಪಾಲು ಹೊತ್ತು ತಂದ ಮದ್ದು

ಈ ಔಷಧಿಗಳು ಊರೂರು ಸೇರಲು ಅಚ್ಚಿನ ಯಂತ್ರದಷ್ಟೇ ಅಂಚೆಯೂ ಕಾರಣ. ಭಾರತದಲ್ಲಿ 1877ರಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂತು. ಪಾರ್ಸೆಲ್ ಕೈಗೆ ಬಂದಾಗ ಅಂಚೆಯವನಿಗೆ ಹಣ ಕೊಟ್ಟರಾಯಿತು, ಮುಂಗಡ ಕಳಿಸಿ ಮೋಸಹೋಗುವ ಭಯವಿಲ್ಲ. ವೈದ್ಯನೇ ಇಲ್ಲದ ಹಳ್ಳಿಯವನೂ ಪತ್ರಿಕೆಯ ಜಾಹೀರಾತು ನೋಡಿ ಒಂದು ಕಾರ್ಡು ಬರೆದು ಮದ್ರಾಸು, ಮುಂಬಯಿ, ಕಲ್ಕತ್ತೆಗಳಿಂದ ಮದ್ದು ತರಿಸುವಂತಾಯಿತು. ಇನ್ನೊಂದು ಅನುಕೂಲವೂ ಇತ್ತು. ಗುಪ್ತರೋಗ, ನರದೌರ್ಬಲ್ಯ, ಮಕ್ಕಳಾಗದಿರುವಿಕೆ ಮುಂತಾಗಿ ಊರಿನ ವೈದ್ಯರ ಮುಂದೆ ಬಾಯಿಬಿಡಲಾಗದ ಸಂಕಟಗಳಿಗೆ ಮುಚ್ಚಿದ ಪೊಟ್ಟಣದಲ್ಲಿ ಉತ್ತರ ಬರುತ್ತಿತ್ತು. ನಾಚಿಕೆಯೇ ಈ ವ್ಯಾಪಾರಕ್ಕೆ ಒಳ್ಳೆಯ ಗಿರಾಕಿಗಳನ್ನು ತಂದುಕೊಟ್ಟಿತು.

ನಾವಿರುವ ಮಸ್ಕತ್ ಕೂಡ ಆಗ ಇದೇ ಅಂಚೆಯ ಜಾಲದಲ್ಲಿತ್ತು. 1862ರಲ್ಲಿ ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಟಪಾಲು ಹಡಗು ಆರಂಭವಾಯಿತು. ಮೊದಮೊದಲು ವಾರಗಟ್ಟಲೆ ಕಾಯಬೇಕಿದ್ದ ಹಡಗು 1870ರ ದಶಕದಲ್ಲಿ ವಾರಕ್ಕೊಮ್ಮೆ ಬರತೊಡಗಿತು. 1864ರ ಮೇ 1ರಂದು ಮಸ್ಕತ್‌ನಲ್ಲಿ ಭಾರತೀಯ ಅಂಚೆ ಕಚೇರಿ ತೆರೆಯಿತು. 1947ರವರೆಗೂ ಇಲ್ಲಿನ ಕಾಗದಗಳ ಮೇಲೆ ಅಂಟುತ್ತಿದ್ದುದು ಬಹುಮಟ್ಟಿಗೆ ಭಾರತದ ಅಂಚೆಚೀಟಿಯೇ. ಮತ್ರಾದ ಭಾರತೀಯ ವರ್ತಕರಿಗೆ ಮುಂಬಯಿಯ ಪೇಟೆ ಹಡಗಿನ ಒಂದು ಪ್ರಯಾಣದಷ್ಟೇ ದೂರದಲ್ಲಿತ್ತು.

ಅದೇ ಕಾಲದಲ್ಲಿ ಇಲ್ಲಿ ಒಬ್ಬ ಭಾರತೀಯ ವೈದ್ಯರೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಅವರು ಆತ್ಮಾರಾಮ ಸದಾಶಿವ ಜಯಕರ್. ಬ್ರಿಟಿಷ್ ಏಜೆನ್ಸಿಯ ಸರ್ಜನ್ ಆಗಿ 19ನೆಯ ಶತಮಾನದ ಕೊನೆಯ ದಶಕಗಳನ್ನು ಮಸ್ಕತ್‌ನಲ್ಲಿ ಕಳೆದ ಅವರು ಈ ಊರಿನ ಹವೆ, ನೀರು, ಕಾಯಿಲೆಗಳ ಬಗ್ಗೆ ಸರ್ಕಾರಿ ವರದಿ ಬರೆದರು. ಒಮಾನಿ ಅರಬ್ಬಿ ಆಡುಮಾತಿನ ಬಗ್ಗೆ 1889ರಲ್ಲಿ ವಿದ್ವತ್ ಲೇಖನ ಪ್ರಕಟಿಸಿದರು. ಒಮಾನಿನ ಬೆಟ್ಟಗಳಲ್ಲಿ ಕಾಣುವ ಕಾಡುಮೇಕೆ ಅರೇಬಿಯನ್ ತಾಹ್ರ್‌ನ ವೈಜ್ಞಾನಿಕ ಹೆಸರಿನಲ್ಲಿ 1894ರಿಂದ ‘ಜಯಕರಿ’ ಎಂಬ ಪದ ಸೇರಿದೆ. ಆದರೆ ಇಂಥ ಒಬ್ಬ ಸರ್ಜನ್ ಎಷ್ಟು ಜನರನ್ನು ನೋಡಲು ಸಾಧ್ಯ? ಮರುಭೂಮಿ, ಬೆಟ್ಟಗಳ ಜನರಿಗೆ ಲೋಬಾನ, ಗಿಡಮೂಲಿಕೆ, ಕಾದ ಕಬ್ಬಿಣದ ಬರೆಯೇ ಗತಿ. ನಮ್ಮ ಊರುಗಳ ಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಸೀಸೆಯ ಮದ್ದನ್ನು ಕೊಂಡವರನ್ನು ಮೂಢರೆಂದು ನಾವು ನಗುವಂತಿಲ್ಲ. ವೈದ್ಯರು ಸಿಗದ ಜಾಗಕ್ಕೂ ಸೀಸೆ ತಲುಪುತ್ತಿತ್ತು.

ಕಾಲರಾಕ್ಕೆ ಹುಟ್ಟಿದ ಕ್ಲೋರೊಡೈನ್

ಸೀಸೆಯೊಳಗೆ ಎಲ್ಲವೂ ನಿರುಪದ್ರವಿಯಾಗಿರಲಿಲ್ಲ ಎಂಬುದಕ್ಕೆ ಕ್ಲೋರೊಡೈನ್ ಸಾಕ್ಷಿ. ಭಾರತದಲ್ಲಿದ್ದ ಬ್ರಿಟಿಷ್ ಸೇನಾ ವೈದ್ಯ ಜಾನ್ ಕಾಲಿಸ್ ಬ್ರೌನ್ 19ನೆಯ ಶತಮಾನದ ನಡುವಿನಲ್ಲಿ ಕಾಲರಾ ರೋಗಿಗಳಿಗಾಗಿ ಇದನ್ನು ರೂಪಿಸಿದ. ಅಫೀಮಿನ ದ್ರಾವಣ, ಗಾಂಜಾದ ಸತ್ವ ಮತ್ತು ಕ್ಲೋರೊಫಾರ್ಮ್ ಇದರ ಮುಖ್ಯ ದ್ರವ್ಯಗಳು. ಇದು ಬೇಧಿಯನ್ನು ನಿಲ್ಲಿಸುತ್ತಿತ್ತು, ನೋವು ಮರೆಸುತ್ತಿತ್ತು, ನಿದ್ದೆ ತರುತ್ತಿತ್ತು. ಹಾಗಾಗಿ ಇದು ‘ಕೆಲಸ ಮಾಡುತ್ತದೆ’ ಎಂದು ಜನ ಹೇಳಿದ್ದು ಸುಳ್ಳಲ್ಲ. ಆದರೆ ಕಾಲರಾದಲ್ಲಿ ಪ್ರಾಣ ಹೋಗುವುದು ದೇಹದ ನೀರು, ಉಪ್ಪು ಬರಿದಾಗುವುದರಿಂದ, ಅದನ್ನು ಕ್ಲೋರೊಡೈನ್ ತುಂಬಿಕೊಡುತ್ತಿರಲಿಲ್ಲ. ಕೆಮ್ಮಿಗೆ, ನಿದ್ರೆಗೆ ಎಂದು ಮನೆಮನೆಯಲ್ಲಿ ಬಳಕೆಯಾಗಿ, ಅದರ ಚಟಕ್ಕೆ ಬಿದ್ದವರೂ ಅಳತೆ ತಪ್ಪಿ ಸತ್ತವರೂ ಇದ್ದರು.

ಅಮೆರಿಕದ ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್ ಹಲ್ಲು ಹುಟ್ಟುವ ಕೂಸುಗಳಿಗೆಂದು ಮಾರಾಟವಾಗುತ್ತಿತ್ತು. ಅದರಲ್ಲಿದ್ದುದು ಮಾರ್ಫಿನ್. ಅಳುವ ಮಗು ಸುಮ್ಮನಾಗುತ್ತಿತ್ತು, ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಗ್ರೈಪ್ ವಾಟರ್ ಇಷ್ಟು ಕ್ರೂರವಲ್ಲ. ಆದರೂ ಅದರ ಮೂಲ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಇಂದು ಭಾರತದಲ್ಲಿ ಸಿಗುವ ಸೀಸೆಯಲ್ಲಿ ಅದಿಲ್ಲ.

ನಮ್ಮವರು ಕಲಿತ ವ್ಯಾಪಾರ

ಈ ಮಾರಾಟದ ವಿದ್ಯೆಯನ್ನು ಭಾರತೀಯರೂ ಬೇಗನೆ ಕಲಿತರು. 1884ರಲ್ಲಿ ಕಲ್ಕತ್ತೆಯಲ್ಲಿ ಡಾ. ಎಸ್. ಕೆ. ಬರ್ಮನ್ ಡಾಬರ್ ಕಟ್ಟಿದರು. 1893ರಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಮುಂಬಯಿಯಲ್ಲಿ ಅಮೃತಾಂಜನ ತಂದರು. ಸಂಗೀತ ಕಚೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿ ಹೆಸರು ಮಾಡಿದರೆಂದು ಪ್ರತೀತಿ. ಆ ಹಣದ ಬಲದಿಂದ 1908ರಲ್ಲಿ ‘ಆಂಧ್ರಪತ್ರಿಕೆ’ ಹುಟ್ಟಿತು, ರಾಷ್ಟ್ರೀಯ ಚಳವಳಿಗೆ ದನಿಯಾಯಿತು. ನಮ್ಮ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದರು. ಸುಟ್ಟ ಭತ್ತದ ಹೊಟ್ಟಿನಿಂದ ಮಾಡಿದ ಅವರ ಹಲ್ಲುಪುಡಿ ಹಳೇ ಮೈಸೂರಿನ ಬಚ್ಚಲುಮನೆಗಳಲ್ಲೆಲ್ಲ ಇತ್ತು. ನಮ್ಮ ಶಾಸ್ತ್ರೀಯ ವೈದ್ಯಪದ್ಧತಿ ಕಾರ್ಖಾನೆ, ಲೇಬಲ್ಲು, ಅಂಚೆಗಳ ಯುಗಕ್ಕೆ ಕಾಲಿಟ್ಟದ್ದು ಹೀಗೆ. ವಿದೇಶಿ ಸೀಸೆಗೆ ಸ್ವದೇಶಿ ಸೀಸೆ ಉತ್ತರವಾಯಿತು. ಆದರೆ ಸ್ವದೇಶಿ ಎಂದ ಮಾತ್ರಕ್ಕೆ ಎಲ್ಲ ಸೀಸೆಗಳೂ ಸಾಚಾ ಆಗಿರಲಿಲ್ಲ. ಸರ್ವರೋಗ ನಿವಾರಿಣಿಗಳ ಜಾಹೀರಾತು ನಮ್ಮ ಪತ್ರಿಕೆಗಳಲ್ಲೂ ಧಾರಾಳವಾಗಿತ್ತು.

ಲೇಬಲ್ಲಿಗಾಗಿ ನಡೆದ ಹೋರಾಟ

ಒಳಗೇನಿದೆ ಎಂದು ತಿಳಿಯುವ ಹಕ್ಕು ಸುಲಭವಾಗಿ ಸಿಕ್ಕಿದ್ದಲ್ಲ. ಅಮೆರಿಕದಲ್ಲಿ ಪತ್ರಕರ್ತ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ 1905ರಲ್ಲಿ ಬರೆದ ಲೇಖನಮಾಲೆ ಜನರನ್ನು ಎಚ್ಚರಿಸಿತು. 1906ರ ಕಾಯ್ದೆಯಿಂದ ಅಲ್ಲಿ ಅಫೀಮು, ಮದ್ಯಸಾರಗಳಂಥ ದ್ರವ್ಯಗಳನ್ನು ಲೇಬಲ್ಲಿನಲ್ಲಿ ಹೇಳುವುದು ಕಡ್ಡಾಯವಾಯಿತು. ಬ್ರಿಟನ್ನಿನಲ್ಲಿ ವೈದ್ಯಕೀಯ ಸಂಘ 1909ರಲ್ಲಿ ‘ಸೀಕ್ರೆಟ್ ರೆಮಿಡೀಸ್’ ಪುಸ್ತಕ ತಂದು ಒಂದೊಂದೇ ಗುಟ್ಟನ್ನು ಬಯಲು ಮಾಡಿತು. ಸಂಸತ್ ಸಮಿತಿಯೊಂದು ವಿಚಾರಣೆ ನಡೆಸಿ ವರದಿ ಕೊಟ್ಟಿತು. ಅದು ಹೊರಬಿದ್ದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಮಹಾಯುದ್ಧಕ್ಕಿಳಿದ ದಿನ. ಯಾರೂ ಅದನ್ನು ಗಮನಿಸಲಿಲ್ಲ. ಪಾಕವನ್ನು ಬಹಿರಂಗಪಡಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 1941ರಲ್ಲಿ.

ಭಾರತದಲ್ಲಿ ಆರ್. ಎನ್. ಚೋಪ್ರಾ ಅವರ ಸಮಿತಿ 1930–31ರಲ್ಲಿ ಔಷಧಿ ಪೇಟೆಯ ಸ್ಥಿತಿಯನ್ನು ಪರಿಶೀಲಿಸಿತು. 1940ರಲ್ಲಿ ಔಷಧಿಗಳ ಕಾಯ್ದೆ ಬಂತು. 1954ರ ಇನ್ನೊಂದು ಕಾಯ್ದೆ ಪವಾಡ ಚಿಕಿತ್ಸೆಗಳ ಜಾಹೀರಾತನ್ನು ನಿರ್ಬಂಧಿಸಿತು. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಅಂದರೆ ‘ಮಧುಮೇಹ ಬುಡಸಮೇತ ಗುಣ’ ಎಂಬ ಜಾಹೀರಾತು ಭಾರತದಲ್ಲಿ ಕಾನೂನುಬಾಹಿರವಾಗಿ 70 ವರ್ಷ ದಾಟಿದೆ.

ಆದರೂ ಅಂಥ ಜಾಹೀರಾತು ನಮ್ಮ ಫೋನಿಗೆ ದಿನವೂ ಬರುತ್ತಿದೆ. ಅಂಚೆಯ ಜಾಗಕ್ಕೆ ಕೊರಿಯರ್ ಬಂದಿದೆ, ವಿ.ಪಿ.ಪಿ. ಜಾಗಕ್ಕೆ ಕ್ಯಾಶ್ ಆನ್ ಡೆಲಿವರಿ ಬಂದಿದೆ. ಅಪಾಯ ಹಳೆಯದೇ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಭಾರತೀಯ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು. ಇದು ಆಯುರ್ವೇದದ ಮೇಲಿನ ತೀರ್ಪಲ್ಲ, ಉಳಿದ 56ರಲ್ಲಿ ಅವು ಸಿಗಲಿಲ್ಲ. ಆದರೆ ಯಾವ ಡಬ್ಬಿ ಯಾವ ಗುಂಪಿಗೆ ಸೇರಿದ್ದೆಂದು ಕಣ್ಣಿಗೆ ಕಾಣುವುದಿಲ್ಲ.

ಪರದೇಶದಲ್ಲಿರುವ ನಮಗೆ ಊರಿನ ಮದ್ದೆಂದರೆ ಊರೇ. ಅಮ್ಮ ಕಟ್ಟಿಕೊಟ್ಟ ಪೊಟ್ಟಣವನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಮೂರು ಸಂಗತಿ ನೋಡಿಕೊಳ್ಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ: ಅದರೊಳಗೆ ಏನಿದೆ, ಎಷ್ಟಿದೆ, ತಯಾರಿಸಿದವರು ಯಾರು. ಈ ಮೂರೂ ಬರೆದಿಲ್ಲದ ಔಷಧಿಯನ್ನು ಕೂಸುಗಳಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಕೊಡಬೇಡಿ. ಬರೆದಿರುವ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದರೂ ಇಲ್ಲಿನ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ, ಲೇಬಲ್ಲನ್ನು ತೋರಿಸಿ. ಆ ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಅಚ್ಚು ಹಾಕಿಸಲು ವೈದ್ಯರೂ ಪತ್ರಕರ್ತರೂ ದಶಕಗಳ ಕಾಲ ಹೋರಾಡಬೇಕಾಯಿತು. ಅವು ಇರುವುದು ನಾವು ಓದಲೆಂದೇ.