ಎಷ್ಟು ಇನ್ಸುಲಿನ್ ಕೊಟ್ಟರೂ ಶುಗರ್ ಇಳಿಯದಿದ್ದರೆ? ‘ಟೈಪ್ ಬಿ’ ಎಂಬ ಅಪರೂಪದ ಕಾಯಿಲೆ

ಇನ್ಸುಲಿನ್ ಶುರು ಮಾಡಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ಎಷ್ಟು ಚುಚ್ಚಿಕೊಂಡರೂ ಪ್ರಯೋಜನವಿಲ್ಲ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಅದನ್ನು ನಂಬಿ ಇನ್ಸುಲಿನ್ ಬಿಡಬೇಡಿ. ಡೋಸ್ ಏರಿದರೆ ಮೊದಲು ನೋಡಬೇಕಾದದ್ದು ಸಾಮಾನ್ಯ ಕಾರಣಗಳನ್ನು: ಒಂದೇ ಜಾಗದಲ್ಲಿ ಚುಚ್ಚಿ ಆದ ಗಂಟು, ಬಿಸಿಲಿಗೆ ಕೆಟ್ಟ ಔಷಧ, ಎಲ್ಲೋ ಅಡಗಿರುವ ಸೋಂಕು.

ಆದರೆ ಇನ್ಸುಲಿನ್‌ಗೆ ನಿಜಕ್ಕೂ ಬಗ್ಗದ ಕಾಯಿಲೆಯೊಂದಿದೆ. ಹೆಸರು ಟೈಪ್ ಬಿ ಇನ್ಸುಲಿನ್ ಪ್ರತಿರೋಧ. ಟೈಪ್ 1, ಟೈಪ್ 2 ಮಧುಮೇಹದ ಜೊತೆ ಇದನ್ನು ಬೆರೆಸಬೇಡಿ. 1976ರಲ್ಲಿ ಅಮೆರಿಕದ ರೊನಾಲ್ಡ್ ಕಾನ್, ಜೆಫ್ರಿ ಫ್ಲೈಯರ್, ಜೆಸ್ಸಿ ರೋತ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು.

ಇನ್ಸುಲಿನ್ ಕೀಲಿಕೈಯಾದರೆ ಜೀವಕೋಶದ ಮೇಲಿನ ರಿಸೆಪ್ಟರ್ ಬೀಗ. ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು ಬೀಗದ ಮೇಲೆ ಹೋಗಿ ಕೂರುತ್ತವೆ. ಕೀಲಿಕೈಯಲ್ಲಿ ದೋಷವೇ ಇಲ್ಲ! ಕೆಲವರಿಗೆ ದಿನಕ್ಕೆ ಸಾವಿರಾರು ಯೂನಿಟ್ ಕೊಟ್ಟರೂ ಶುಗರ್ ಜಗ್ಗುವುದಿಲ್ಲ. ವಿಚಿತ್ರವೆಂದರೆ, ಅದೇ ಪ್ರತಿಕಾಯ ಒಮ್ಮೊಮ್ಮೆ ಇನ್ಸುಲಿನ್‌ನಂತೆಯೇ ವರ್ತಿಸಿ ಶುಗರನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ.

ಇದು ಹೆಚ್ಚಾಗಿ ಮಹಿಳೆಯರಲ್ಲಿ, ಹಲವು ಸಲ ಲೂಪಸ್‌ನಂಥ ಕಾಯಿಲೆ ಇರುವವರಲ್ಲಿ ಕಾಣುತ್ತದೆ. ಕುತ್ತಿಗೆ, ಕಂಕುಳು, ಕೆಲವೊಮ್ಮೆ ಮುಖದ ಚರ್ಮವೂ ಕಪ್ಪಾಗಿ ದಪ್ಪವಾಗುತ್ತದೆ. ಅದು ಕೊಳೆಯಲ್ಲ, ನಿಂಬೆಹಣ್ಣು ಉಜ್ಜಿದರೆ ಹೋಗುವುದೂ ಇಲ್ಲ. ಹಾಗೆಂದು ಕುತ್ತಿಗೆ ಕಪ್ಪಾದವರೆಲ್ಲ ಗಾಬರಿಯಾಗಬೇಕಿಲ್ಲ; ಬಹುತೇಕರಿಗೆ ಕಾರಣ ಬೊಜ್ಜು ಮತ್ತು ಸಾಮಾನ್ಯ ಇನ್ಸುಲಿನ್ ಪ್ರತಿರೋಧ. ಟೈಪ್ ಬಿಯಲ್ಲಿ ತೂಕ ಇಳಿಯುತ್ತದೆ, ಟ್ರೈಗ್ಲಿಸರೈಡ್ ಏರುವ ಬದಲು ಕಡಿಮೆ ಇರುತ್ತದೆ. ವೈದ್ಯರಿಗೆ ಅನುಮಾನ ಬರುವುದು ಇಲ್ಲೇ. ಪ್ರತಿಕಾಯದ ಪರೀಕ್ಷೆ ಕೆಲವೇ ಲ್ಯಾಬ್‌ಗಳಲ್ಲಿ ಆಗುತ್ತದೆ.

ಹಾಗಾಗಿ ಚಿಕಿತ್ಸೆಯ ಗುರಿ ಪ್ರತಿಕಾಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್ ಮತ್ತು ಡೆಕ್ಸಾಮೆಥಾಸೋನ್ ಔಷಧಗಳನ್ನು ಸೇರಿಸಿ ಕೊಟ್ಟರು. ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್, ಅದು ಶುಗರ್ ಏರಿಸುತ್ತದಲ್ಲ ಎನ್ನಬಹುದು. ನಿಜ, ಆದರೆ ಪ್ರತಿಕಾಯ ತಯಾರಿಕೆ ನಿಲ್ಲದೆ ಬೇರೆ ದಾರಿಯಿಲ್ಲ. 2018ರಲ್ಲಿ ಪ್ರಕಟವಾದ ವರದಿಯ 22 ರೋಗಿಗಳಲ್ಲಿ ಹೆಚ್ಚಿನವರು ಸರಾಸರಿ 5 ತಿಂಗಳಲ್ಲಿ ಚೇತರಿಸಿಕೊಂಡರು, ಇನ್ಸುಲಿನ್ ಚುಚ್ಚುವುದೂ ನಿಂತಿತು. ನಂತರ ಕಾಯಿಲೆ ಮರಳದಿರಲು ಅಜಾಥಯೋಪ್ರಿನ್ ಮಾತ್ರೆ.

ಇವು ಹಗುರ ಔಷಧಗಳಲ್ಲ. ಸೋಂಕು ತಗಲುವ ಅಪಾಯವಿದೆ, ಸೈಕ್ಲೋಫಾಸ್ಫಮೈಡ್‌ನಿಂದ ಮಕ್ಕಳಾಗುವ ಸಾಮರ್ಥ್ಯಕ್ಕೂ ಪೆಟ್ಟು ಬೀಳಬಹುದು. ರಿಟುಕ್ಸಿಮ್ಯಾಬ್‌ಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಪ್ರತಿಕಾಯ ಕಡಿಮೆಯಾದಂತೆ ಹಳೆಯ ಡೋಸ್ ದಿಢೀರನೆ ಅತಿಯಾಗುತ್ತದೆ. ಅದನ್ನು ಇಳಿಸುವ ಕೆಲಸ ಆಸ್ಪತ್ರೆಯ ನಿಗಾದಲ್ಲೇ ನಡೆಯಬೇಕು.