ಮಠಗಳೂ ಔಷಧದಾನವೂ

ಅನ್ನದಾನ, ವಿದ್ಯಾದಾನಗಳು ಮಠಗಳ ಧರ್ಮವೆಂಬುದನ್ನು ಸಕಲರೂ ಬಲ್ಲರು. ಔಷಧದಾನವೂ ಅವುಗಳೊಡನೆ ಸಮನಾಗಿ ಎಣಿಸಲ್ಪಡುತ್ತಿದ್ದಿತೆಂಬುದಕ್ಕೆ ಶಿಲಾಶಾಸನಗಳೇ ಪ್ರಮಾಣವಾಗಿವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವಿದ್ದಿತು. ಬಿಜ್ಜಳನ ಆಳಿಕೆಯಲ್ಲಿ, ಕ್ರಿ. ಶ. 1162ರಲ್ಲಿ, ಹುಟ್ಟಿದ ಶಾಸನವೊಂದು ಆ ಮಠವನ್ನು ವ್ಯಾಕರಣ, ದರ್ಶನ, ಪುರಾಣಗಳ ವ್ಯಾಸಂಗಸ್ಥಾನವೆಂದು ಕೊಂಡಾಡುತ್ತದೆ. ಅಷ್ಟಕ್ಕೇ ನಿಲ್ಲದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅನ್ನವನ್ನು ಪಡೆಯುವ ಎಡೆಯೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಎಡೆಯೆಂದೂ, ಸಕಲ ಜೀವಿಗಳಿಗೂ ಅಭಯಸ್ಥಾನವೆಂದೂ ಸಾರುತ್ತದೆ. ಅಲ್ಲಿ ಉಣ್ಣುವವರ ಪಟ್ಟಿಯಲ್ಲಿ ಕ್ಷಪಣಕರೇ ಮೊದಲಾದ ಪರಮತದ ಯತಿಗಳೂ ಇದ್ದಾರೆ. ಕಲ್ಯಾಣದಲ್ಲಿ ಬಸವಣ್ಣನವರು ದಾಸೋಹವನ್ನು ನಡೆಯಿಸುತ್ತಿದ್ದ ಶತಮಾನವೇ ಅದು.

ಈ ವಿಶಾಲತೆಯು ಎಲ್ಲೆಡೆಯೂ ಇದ್ದಿತೆನ್ನಲಾಗದು. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ 11ನೆಯ ಶತಮಾನದ ಚೋಳ ವೀರರಾಜೇಂದ್ರನ ಕಾಲದ ಆತುರಶಾಲೆಯಿದ್ದಿತು. 15 ಹಾಸಿಗೆಗಳು, ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು ಎಲ್ಲರಿಗೂ ಏರ್ಪಾಡಿದ್ದಿತು. ಆದರೆ ಅದರ ಫಲವು ಅಲ್ಲಿಯ ವಿದ್ಯಾರ್ಥಿಗಳಿಗೂ ದೇವಾಲಯದ ಸೇವಕರಿಗೂ ಮೀಸಲು.

ಆಂಧ್ರದ ಮಲ್ಕಾಪುರದ 1261ರ ಶಾಸನವು ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಕಾಕತೀಯ ರುದ್ರಮದೇವಿಯಿಂದ ಗ್ರಾಮಗಳನ್ನು ಪಡೆದ ಗೋಳಕಿಮಠದ ವಿಶ್ವೇಶ್ವರ ಶಂಭುವು ಅವುಗಳ ಆದಾಯವನ್ನು ವಿಭಾಗಿಸಿ, ಒಂದು ಪಾಲನ್ನು ಪ್ರಸೂತಿಶಾಲೆ, ಆರೋಗ್ಯಶಾಲೆ, ಅನ್ನಸತ್ರಗಳಿಗೆ ಗೊತ್ತುಮಾಡಿದನು. ಬ್ರಾಹ್ಮಣನಿಂದ ಚಂಡಾಲನವರೆಗೆ ಬಂದವರೆಲ್ಲರಿಗೂ ಅನ್ನವು ತಡೆಯಿಲ್ಲದೆ ಸಲ್ಲಬೇಕೆಂದು ವಿಧಿಸಿದನು.

ಇಲ್ಲಿ ವಿಚಾರಾರ್ಹವಾದ ಅಂಶವಾವುದೆಂದರೆ, ರೋಗಿಯ ಉಪಚಾರವು ಒಬ್ಬ ದಾನಿಯ ಅಂದಂದಿನ ಮನಸ್ಸಿಗೆ ಬಿಡಲ್ಪಡದೆ, ಭೂಮಿಯ ಹುಟ್ಟುವಳಿಯಲ್ಲಿಯೇ ಪಾಲಾಗಿ ಕಲ್ಲಿನಲ್ಲಿ ಕೊರೆಯಲ್ಪಟ್ಟುದು. ದಯೆಯು ಬತ್ತಬಹುದು, ಪಾಲು ಬತ್ತದೆಂದು ಪೂರ್ವಿಕರು ನಂಬಿದ್ದರು. ಆದರೆ ರಾಜ್ಯಗಳು ಅಳಿದಂತೆ ಆ ದತ್ತಿಗಳೂ ಅಳಿದವು. ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಗುಡಿ ನಿಂತಿದೆ, ಚಿಕಿತ್ಸೆಯ ಎಡೆ ಉಳಿಯಲಿಲ್ಲ.

ಆದುದರಿಂದ ಈ ಭಾರವನ್ನು ಸಮಸ್ತ ಸಮಾಜವೇ ಹೊರಬೇಕಾಯಿತು. ಹಣವಿಲ್ಲದ ಕಾರಣದಿಂದ ಯಾವನೂ ತಕ್ಕ ಚಿಕಿತ್ಸೆಯಿಂದ ವಂಚಿತನಾಗಕೂಡದೆಂದು 1946ರಲ್ಲಿ ಭೋರ್ ಸಮಿತಿಯು ಪ್ರತಿಪಾದಿಸಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ಅನುಚ್ಛೇದವು ಸಾರ್ವಜನಿಕ ಆರೋಗ್ಯದ ಅಭಿವೃದ್ಧಿಯನ್ನು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಸೇರಿಸಿತು.

ಇದರಿಂದ ಮಠಗಳ ಹೊಣೆಯು ತೀರಿತೆಂದು ಭಕ್ತರು ಬಗೆಯಲಾಗದು. ಬಾಗಿಲಿಗೆ ಬಂದ ರೋಗಿಯ ಕುಲವನ್ನೂ ಮತವನ್ನೂ ಕೇಳದಿರುವುದು, ಅವನಿಗೆ ಸಲ್ಲುವುದು ಭಿಕ್ಷೆಯಲ್ಲ, ಅವನದೇ ಪಾಲು ಎಂದರಿಯುವುದು, ಇವೆರಡೂ ಆ ಶಾಸನಗಳು ಇಂದಿನ ಮಠಗಳ ಮುಂದಿಟ್ಟಿರುವ ಒರೆಗಲ್ಲಾಗಿವೆ.