ಹಿತ್ತಲ ಕೋಳಿ ಸಾಕಣೆಗೆ ತಳಿಗಳ ಆಯ್ಕೆ

ಹಿತ್ತಲ ಕೋಳಿ ಸಾಕಣೆ ಎಂದರೆ ಮನೆಯ ಅಂಗಳ, ಹಿತ್ತಲು ಅಥವಾ ತೋಟದಲ್ಲಿ ಸಣ್ಣ ಸಂಖ್ಯೆಯ ಕೋಳಿಗಳನ್ನು ಬಿಟ್ಟು ಮೇಯಿಸಿ ಸಾಕುವ ಪದ್ಧತಿ. ಇಂತಹ ಹಿಂಡಿಗೆ ಸೇರುವ ಕೋಳಿಗಳ ತಳಿಯನ್ನು ಮೊಟ್ಟೆಯ ಸಂಖ್ಯೆ, ಕಾವು ಕೂರುವ ಗುಣ, ಪುಕ್ಕದ ಬಣ್ಣ, ಮೊಟ್ಟೆಯ ಚಿಪ್ಪಿನ ಬಣ್ಣ, ದೇಹತೂಕ ಹಾಗೂ ಶತ್ರುಪ್ರಾಣಿಗಳಿಂದ ತಪ್ಪಿಸಿಕೊಳ್ಳುವ ಸಾಮರ್ಥ್ಯ ಇವುಗಳನ್ನು ನೋಡಿ ಆರಿಸಲಾಗುತ್ತದೆ. ಈ ಎಲ್ಲ ಗುಣಗಳೂ ಒಂದೇ ತಳಿಯಲ್ಲಿ ದೊರೆಯುವುದಿಲ್ಲ. ಹೆಚ್ಚು ಮೊಟ್ಟೆಯಿಡುವ ಕೋಳಿ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಚೆನ್ನಾಗಿ ಕಾವು ಕೂತು ಮರಿ ಸಾಕುವ ಕೋಳಿ ಕಡಿಮೆ ಮೊಟ್ಟೆಯಿಡುತ್ತದೆ.

2019ರ 20ನೇ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಸುಮಾರು 85.18 ಕೋಟಿ ಸಾಕುಹಕ್ಕಿಗಳ ಪೈಕಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಸಾಕಿದವು. ಗ್ರಾಮೀಣ ಮನೆಗಳಲ್ಲಿ ಈ ಕೋಳಿಗಳ ಆರೈಕೆ ಮತ್ತು ಮಾರಾಟ ಹೆಚ್ಚಾಗಿ ಹೆಂಗಸರ ಕೈಯಲ್ಲಿರುತ್ತದೆ. ಆದ್ದರಿಂದ ತಳಿಯ ಆಯ್ಕೆಯಲ್ಲಿ ಆಗುವ ತಪ್ಪು ಮನೆಯ ಸಣ್ಣ ಆದಾಯವನ್ನೇ ತಟ್ಟುತ್ತದೆ.

ಹಿನ್ನೆಲೆ

ಸಾಕು ಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ದಕ್ಷಿಣ ಭಾರತದ ಕಾಡುಗಳಲ್ಲಿ, ವಿಶೇಷವಾಗಿ ಪಶ್ಚಿಮ ಘಟ್ಟಗಳಲ್ಲಿ, ಕಾಣುವ ಬೂದು ಕಾಡುಕೋಳಿಯ ಅಂಶವೂ ಇದರಲ್ಲಿ ಸೇರಿದೆ. ಅನೇಕ ತಳಿಗಳ ಹಳದಿ ಚರ್ಮ ಮತ್ತು ಹಳದಿ ಕಾಲುಗಳಿಗೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಾಡುಕೋಳಿ ವರ್ಷಕ್ಕೆ ಕೆಲವೇ ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. ಇಂದಿನ ವಾಣಿಜ್ಯ ಕೋಳಿಯು 280ರಿಂದ 300ಕ್ಕೂ ಹೆಚ್ಚು ಮೊಟ್ಟೆಯಿಡುವುದು ಶತಮಾನಗಳ ಆಯ್ಕೆಯ ಫಲ.

ಕರ್ನಾಟಕದಲ್ಲಿ ಊರಿನ ಕೋಳಿಯನ್ನು ನಾಟಿ ಕೋಳಿ ಎಂದೂ, ಉತ್ತರದ ಜಿಲ್ಲೆಗಳಲ್ಲಿ ಜವಾರಿ ಕೋಳಿ ಎಂದೂ, ಕರಾವಳಿಯಲ್ಲಿ ಊರ ಕೋಳಿ ಎಂದೂ ಕರೆಯುತ್ತಾರೆ. ಇದು ಒಂದು ತಳಿಯ ಹೆಸರಲ್ಲ. ಹಲವು ತಲೆಮಾರುಗಳಿಂದ ತಾನಾಗಿ ಬೆರೆತು ಬಂದ ಕೋಳಿಗಳ ಸಮೂಹಕ್ಕೆ ಇಟ್ಟ ಹೆಸರು.

ಪುಕ್ಕದ ಬಣ್ಣ

ಹಿತ್ತಲ ಕೋಳಿಗೆ ಬಣ್ಣದ ಪುಕ್ಕ ಕೇವಲ ಅಲಂಕಾರವಲ್ಲ. ಕಂದು, ಕಪ್ಪು ಅಥವಾ ಚುಕ್ಕೆಯ ಕೋಳಿ ತರಗೆಲೆ ಮತ್ತು ಪೊದೆಗಳ ನಡುವೆ ಸುಲಭವಾಗಿ ಮರೆಯಾಗುತ್ತದೆ. ಬಿಳಿ ಕೋಳಿ ಹದ್ದು, ಮುಂಗುಸಿ ಮತ್ತು ನಾಯಿಗಳ ಕಣ್ಣಿಗೆ ಬೇಗನೆ ಬೀಳುತ್ತದೆ. ಮಾರುಕಟ್ಟೆಯಲ್ಲಿಯೂ ಬಿಳಿ ಪುಕ್ಕವನ್ನು ಫಾರಂ ಕೋಳಿಯ ಗುರುತಾಗಿ ನೋಡುವುದರಿಂದ ಬಣ್ಣದ ಹುಂಜಕ್ಕೆ ಹೆಚ್ಚು ಬೆಲೆ ಸಿಗುತ್ತದೆ. ಸರ್ಕಾರಿ ಸಂಸ್ಥೆಗಳು ಗ್ರಾಮೀಣ ಸಾಕಣೆಗೆಂದು ರೂಪಿಸಿದ ತಳಿಗಳೆಲ್ಲ ಬಹುಮಟ್ಟಿಗೆ ಬಣ್ಣದ ಕೋಳಿಗಳಾಗಿರಲು ಈ ಎರಡೂ ಕಾರಣಗಳಿವೆ. ಹುಂಜಗಳ ಬಣ್ಣವನ್ನು ಸೂಕ್ಷ್ಮವಾಗಿ ವಿಂಗಡಿಸುವ ರೂಢಿ ತುಳುನಾಡಿನಲ್ಲಿ ಹಳೆಯದು. ಬೊಳ್ಳೆ, ಕೆಮ್ಮೈರೆ ಮುಂತಾದ ಹೆಸರುಗಳು ಕೋಳಿ ಅಂಕದ ಸಂದರ್ಭದಲ್ಲಿ ಬಳಕೆಯಲ್ಲಿವೆ.

ಬಣ್ಣದ ಹಿಂಡನ್ನು ಉಳಿಸಿಕೊಳ್ಳಬೇಕೆನ್ನುವವರು ಒಂದು ವಿಷಯ ಗಮನಿಸಬೇಕಾಗುತ್ತದೆ. ವೈಟ್ ಲೆಗಾರ್ನ್ ತಳಿಯ ಬಿಳುಪು ಪ್ರಬಲ ವಂಶವಾಹಿಯಿಂದ ಬಂದದ್ದು. ಹಿಂಡಿನಲ್ಲಿ ಈ ತಳಿಯ ಒಂದು ಹುಂಜ ಸೇರಿದರೂ ಅದಕ್ಕೆ ಹುಟ್ಟುವ ಮರಿಗಳು ಬಹುತೇಕ ಬಿಳಿಯಾಗಿಯೇ, ಅಲ್ಲಲ್ಲಿ ಒಂದೆರಡು ಕಪ್ಪು ಗರಿಗಳೊಂದಿಗೆ ಬೆಳೆಯುತ್ತವೆ.

ಮೊಟ್ಟೆಯ ಚಿಪ್ಪಿನ ಬಣ್ಣ

ಚಿಪ್ಪಿನ ಬಣ್ಣ ತಳಿಯಿಂದ ನಿರ್ಧಾರವಾಗುತ್ತದೆ. ಪುಕ್ಕದ ಬಣ್ಣಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಮೈಯೆಲ್ಲ ಕಪ್ಪಾದ ಕಡಕ್‌ನಾಥ್ ಕೋಳಿಯ ಮೊಟ್ಟೆ ಕಪ್ಪಲ್ಲ, ತಿಳಿಗಂದು. ಕಿವಿಹಾಲೆ ಬಿಳಿಯಿದ್ದರೆ ಬಿಳಿ ಮೊಟ್ಟೆ, ಕೆಂಪಿದ್ದರೆ ಕಂದು ಮೊಟ್ಟೆ ಎಂಬ ಲೆಕ್ಕ ಅನೇಕ ತಳಿಗಳಲ್ಲಿ ಸರಿಹೋಗುತ್ತದೆಯಾದರೂ ಅದಕ್ಕೆ ಅಪವಾದಗಳಿವೆ.

ಮೊಟ್ಟೆಯು ಅಂಡನಾಳದಲ್ಲಿ ರೂಪುಗೊಳ್ಳಲು ಸುಮಾರು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದರಲ್ಲಿಯೇ ಕಳೆಯುತ್ತದೆ. ಎಲ್ಲ ಚಿಪ್ಪೂ ಮೊದಲು ಬಿಳಿಯ ಸುಣ್ಣದ ಪದರವೇ. ಕಂದು ಮೊಟ್ಟೆಯಿಡುವ ಕೋಳಿಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವರ್ಣದ್ರವ್ಯ ಕೊನೆಯ ಕೆಲವು ಗಂಟೆಗಳಲ್ಲಿ ಹೊರಮೈಗೆ ಲೇಪವಾಗುತ್ತದೆ. ಆದ್ದರಿಂದಲೇ ಕಂದು ಮೊಟ್ಟೆಯನ್ನು ಒಡೆದು ನೋಡಿದರೆ ಒಳಮೈ ಬಿಳಿಯಾಗಿರುತ್ತದೆ. ನೀಲಿ ಮೊಟ್ಟೆಯಲ್ಲಿ ಬಿಲಿವರ್ಡಿನ್ ಎಂಬ ದ್ರವ್ಯ ಚಿಪ್ಪಿನೊಳಗೆಲ್ಲ ಬೆರೆತಿರುವುದರಿಂದ ಅದು ಒಳಗೂ ಹೊರಗೂ ನೀಲಿ. ನೀಲಿ ಚಿಪ್ಪಿನ ಮೇಲೆ ಕಂದು ಲೇಪ ಬಂದರೆ ಮೊಟ್ಟೆ ಹಸಿರಾಗಿ ಕಾಣುತ್ತದೆ. ಲೇಪ ಗಾಢವಾದಷ್ಟೂ ಹಸಿರು ಕಡುವಾಗುತ್ತದೆ.

ನೀಲಿ ಬಣ್ಣದ ಮೂಲ ಕುತೂಹಲಕರವಾದುದು. ಪುರಾತನ ವೈರಸ್‌ವೊಂದರ ತುಣುಕು ಕೋಳಿಯ ವಂಶವಾಹಿಗಳ ನಡುವೆ ಸೇರಿಕೊಂಡದ್ದೇ ಇದಕ್ಕೆ ಕಾರಣವೆಂದು 2013ರಲ್ಲಿ ಪತ್ತೆಯಾಯಿತು. ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನಾ ತಳಿಯಲ್ಲಿಯೂ ಚೀನಾದ ಕೆಲವು ತಳಿಗಳಲ್ಲಿಯೂ ಈ ಸೇರ್ಪಡೆ ಬೇರೆಬೇರೆಯಾಗಿ ನಡೆದಿದೆ. ಈ ಗುಣ ಪ್ರಬಲವಾದುದರಿಂದ ತಂದೆ ಅಥವಾ ತಾಯಿಯಲ್ಲಿ ಒಂದು ಶುದ್ಧ ನೀಲಿ ಮೊಟ್ಟೆಯ ತಳಿಯದ್ದಾದರೆ ಸಾಕು, ಹೆಣ್ಣು ಮರಿಗಳು ನೀಲಿ ಅಥವಾ ಹಸಿರು ಮೊಟ್ಟೆಯಿಡುತ್ತವೆ.

ಒಂದು ಹೇಂಟೆ ತನ್ನ ಜೀವಮಾನದಲ್ಲಿ ಒಂದೇ ಬಣ್ಣದ ಮೊಟ್ಟೆಯಿಡುತ್ತದೆ. ಛಾಯೆ ಮಾತ್ರ ಬದಲಾಗುತ್ತದೆ. ಮೊಟ್ಟೆಯಿಡುವ ಅವಧಿ ಮುಂದುವರಿದಂತೆ ಕಂದು ಬಣ್ಣ ತೆಳುವಾಗುವುದು ಸಹಜ. ಇದ್ದಕ್ಕಿದ್ದಂತೆ ಪೇಲವವಾದರೆ ಅದು ಬೆದರಿಕೆ, ಬಿಸಿಲಿನ ತಾಪ ಅಥವಾ ಶ್ವಾಸನಾಳದ ಸೋಂಕಿನ ಸೂಚನೆಯಾಗಿರಬಹುದು.

ಕಂದು ಮೊಟ್ಟೆಯಲ್ಲಿ ಪೌಷ್ಟಿಕಾಂಶ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಚಿಪ್ಪಿನ ಬಣ್ಣ ಒಳಗಿನ ಸತ್ವವನ್ನು ಬದಲಿಸುವುದಿಲ್ಲ. ಅದು ಕೋಳಿಯ ಆಹಾರವನ್ನು ಅವಲಂಬಿಸಿದೆ. ಹಳದಿ ಭಾಗದ ಕಡುಬಣ್ಣವೂ ಹಸಿರು ಸೊಪ್ಪು ಮತ್ತು ಮೆಕ್ಕೆಜೋಳದಿಂದ ಬರುತ್ತದೆ. ಕಂದು ಬಣ್ಣ ನಾಟಿ ಮೊಟ್ಟೆಯ ಪುರಾವೆಯೂ ಅಲ್ಲ. ಬಿವಿ-380ರಂತಹ ವಾಣಿಜ್ಯ ತಳಿಗಳು ಪಂಜರದಲ್ಲಿದ್ದೇ ಕಂದು ಮೊಟ್ಟೆಯಿಡುತ್ತವೆ, ಎಷ್ಟೋ ನಾಟಿ ಕೋಳಿಗಳು ಕೆನೆಬಣ್ಣದ ಮೊಟ್ಟೆಯಿಡುತ್ತವೆ.

ಕಾವು ಮತ್ತು ಮೊಟ್ಟೆಯ ಸಂಖ್ಯೆ

ಹಿತ್ತಲ ಸಾಕಣೆಯಲ್ಲಿ ಹೆಚ್ಚಿನ ನಿರಾಶೆಗೆ ಕಾರಣವಾಗುವುದು ಬಣ್ಣವಲ್ಲ, ಕಾವು. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು, ಅನಂತರ ಮರಿಗಳನ್ನು ಕಟ್ಟಿಕೊಂಡು ತಿರುಗುವ ಕೆಲವು ವಾರಗಳು ಸೇರಿದರೆ, ಒಂದು ಸುತ್ತಿಗೆ ಎರಡು ಮೂರು ತಿಂಗಳು ಮೊಟ್ಟೆ ಇಲ್ಲದೆ ಕಳೆಯುತ್ತದೆ. ಮೊಟ್ಟೆಯ ಲೆಕ್ಕದಲ್ಲಿ ಇದು ನಷ್ಟ. ಆದರೆ ಹಣ ಕೊಡದೆ ಹಿಂಡು ಮುಂದುವರಿಯುವುದು ಇದರಿಂದಲೇ.

ಸುಧಾರಿತ ತಳಿಗಳಲ್ಲಿ ಕಾವಿನ ಗುಣವನ್ನು ಆಯ್ಕೆಯಿಂದ ತೆಗೆದುಹಾಕಲಾಗಿದೆ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಬಹುದು. ಹಳ್ಳಿಗಳಲ್ಲಿ ಇದು ಸಾಮಾನ್ಯ. ಆದರೆ ಈ ಕೋಳಿಗಳಲ್ಲಿ ಹೆಚ್ಚಿನವು ಬೇರೆಬೇರೆ ವಂಶಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳಾದುದರಿಂದ ಮುಂದಿನ ತಲೆಮಾರಿನಲ್ಲಿ ಇಳುವರಿ ಕುಗ್ಗುತ್ತದೆ, ಮರಿಗಳು ಒಂದೊಂದು ಒಂದೊಂದು ಬಗೆಯಾಗಿ ಬೆಳೆಯುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಮರಿಗಳನ್ನು ಮತ್ತೆ ಕೊಳ್ಳುವುದು ಅನಿವಾರ್ಯವಾಗುತ್ತದೆ. ಕೇವಲ ಮೊಟ್ಟೆಯ ಸಂಖ್ಯೆ ನೋಡಿ ಊರಿನ ಎಲ್ಲ ನಾಟಿ ಹೇಂಟೆಗಳನ್ನು ಮಾರಿಬಿಟ್ಟ ಮನೆಗೆ ಕಾವು ಕೂರಿಸಲು ಒಂದೂ ಕೋಳಿ ಉಳಿಯುವುದಿಲ್ಲ.

ಭಾರತೀಯ ತಳಿಗಳು

ದೇಶದ ಜಾನುವಾರು ಹಾಗೂ ಕೋಳಿ ತಳಿಗಳನ್ನು ನೋಂದಾಯಿಸುವ ಕೆಲಸವನ್ನು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ವಂಶವಾಹಿ ಸಂಪನ್ಮೂಲ ಬ್ಯೂರೋ ನಿರ್ವಹಿಸುತ್ತದೆ. ನೋಂದಾಯಿತ ತಳಿಗಳಲ್ಲಿ ಘಾಗಸ್ ಕರ್ನಾಟಕ ಮತ್ತು ಆಂಧ್ರಪ್ರದೇಶಗಳಿಗೆ ಸೇರಿದ್ದು.

ಅಸೀಲ್ ಎತ್ತರದ ಮೈಕಟ್ಟಿನ, ಜಗಳಗಂಟ ಸ್ವಭಾವದ ತಳಿ. ಮೊಟ್ಟೆ ಕಡಿಮೆ, ಆದರೆ ಅಸೀಲ್ ಹೇಂಟೆ ಮರಿಗಳನ್ನು ಬಿಗಿಯಾಗಿ ಕಾಯುತ್ತದೆ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್‌ನ ಚರ್ಮ, ಮಾಂಸ ಮತ್ತು ಮೂಳೆಯ ಹೊದಿಕೆ ಕಪ್ಪಾಗಿರುತ್ತವೆ. ಝಾಬುವಾ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆಯಿಡುವ ಈ ತಳಿ ಕಾವಿಗೆ ಒಳ್ಳೆಯದಲ್ಲ. ಆದ್ದರಿಂದ ಅದನ್ನು ಮೊಟ್ಟೆಗೆಂದು ಸಾಕುವುದಕ್ಕೆ ಹೆಚ್ಚಿನ ಅರ್ಥವಿಲ್ಲ. ದೇಸಿ ತಳಿಗಳಲ್ಲಿ ಮೊಟ್ಟೆಗೆ ಹೆಸರಾದದ್ದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ನಿಕೋಬಾರಿ.

ಬೋಳುಕತ್ತಿನ ಕೋಳಿ ನೋಡಲು ಅಂದವಾಗಿಲ್ಲವೆಂದು ಕೆಲವರು ದೂರವಿಡುತ್ತಾರೆ. ಆದರೆ ಕತ್ತಿನ ಮೇಲೂ ಮೈಮೇಲೂ ಪುಕ್ಕ ಕಡಿಮೆಯಿರುವುದರಿಂದ ಅದರ ದೇಹದ ಶಾಖ ಬೇಗ ಹೊರಹೋಗುತ್ತದೆ. ಬಯಲುಸೀಮೆಯ ಬೇಸಿಗೆಗೆ ಇದು ಅನುಕೂಲಕರ ಗುಣ.

ಸುಧಾರಿತ ತಳಿಗಳು

ಗಿರಿರಾಜ ತಳಿಯು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡಿತು. ಬಣ್ಣಬಣ್ಣದ ಪುಕ್ಕ, ದೊಡ್ಡ ಮೈಕಟ್ಟು, ವರ್ಷಕ್ಕೆ 130ರಿಂದ 150ರಷ್ಟು ಕಂದು ಮೊಟ್ಟೆ ಇದರ ಲಕ್ಷಣಗಳು. ಅದೇ ಕೇಂದ್ರದಿಂದ 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ 180ರಿಂದ 190ರಷ್ಟು ಮೊಟ್ಟೆಯಿಡುತ್ತದೆ. ಗಿರಿರಾಜಕ್ಕಿಂತ ಮೈ ಹಗುರವಾದುದರಿಂದ ಇದು ನಾಯಿ ಬೆಕ್ಕುಗಳಿಂದ ಹೆಚ್ಚು ಚುರುಕಾಗಿ ತಪ್ಪಿಸಿಕೊಳ್ಳುತ್ತದೆ. ಭಾರವಾದ ಕೋಳಿಗೆ ಓಡಲು, ಹಾರಲು ಕಷ್ಟ. ಕಾಳು ಹೆಚ್ಚಾದರೆ ಕೊಬ್ಬು ಕಟ್ಟಿ ಮೊಟ್ಟೆ ಕಡಿಮೆಯಾಗುತ್ತದೆ.

ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯವು ವನರಾಜ ಮತ್ತು ಗ್ರಾಮಪ್ರಿಯ ತಳಿಗಳನ್ನು ನೀಡಿದೆ. ವನರಾಜ ಮೊಟ್ಟೆ ಮತ್ತು ಮಾಂಸ ಎರಡಕ್ಕೂ ಸಲ್ಲುತ್ತದೆ. ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಯ ಕೋಳಿ. ಮಾರಾಟಕ್ಕೆ ಮೊಟ್ಟೆ ಬೇಕಿರುವ ಸಣ್ಣ ಹಿಂಡಿಗೆ ಸ್ವರ್ಣಧಾರಾ ಅಥವಾ ಗ್ರಾಮಪ್ರಿಯ ಹೆಚ್ಚು ಹೊಂದುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅಸೀಲ್‌ನಿಂದ ನಿರ್ಭೀಕ್, ಕಡಕ್‌ನಾಥ್‌ನಿಂದ ಶ್ಯಾಮಾ ಎಂಬ ಮಿಶ್ರತಳಿಗಳನ್ನು ಪಡೆದಿದೆ.

ವಿದೇಶಿ ತಳಿಗಳು

ಇಟಲಿಯ ಲಿವೊರ್ನೊ ಬಂದರಿನಿಂದ ಹೆಸರು ಪಡೆದ ಲೆಗಾರ್ನ್ ಬಿಳಿ ಮೊಟ್ಟೆಯ ತಳಿ. ಅಮೆರಿಕದ ರೋಡ್ ಐಲೆಂಡ್ ರೆಡ್ ಕಂದು ಮೊಟ್ಟೆಯಿಡುತ್ತದೆ; ಭಾರತದ ಅನೇಕ ಮಿಶ್ರತಳಿಗಳಿಗೆ ಇದನ್ನು ಬಳಸಲಾಗಿದೆ. ಈ ತಳಿಯ ಹುಂಜವನ್ನು ಪಟ್ಟೆಯ ಪ್ಲೈಮೌತ್ ರಾಕ್ ಹೇಂಟೆಯೊಡನೆ ಕೂಡಿಸಿದರೆ ಹುಟ್ಟುವ ಗಂಡು ಮರಿಗಳ ತಲೆಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಹೀಗಾಗಿ ಮೊದಲ ದಿನವೇ ಗಂಡು ಹೆಣ್ಣು ಗುರುತಿಸಬಹುದು. ಕಪ್ಪು ಪುಕ್ಕದ ಆಸ್ಟ್ರಲಾರ್ಪ್ 1922–23ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಆರು ಹೇಂಟೆಗಳಿಂದ 365 ದಿನಗಳಲ್ಲಿ 1,857 ಮೊಟ್ಟೆಗಳನ್ನು ದಾಖಲಿಸಿತು. ಫ್ರಾನ್ಸಿನ ಮರಾನ್ಸ್ ಕಡು ಚಾಕೊಲೇಟ್ ಬಣ್ಣದ ಮೊಟ್ಟೆಗೆ ಪ್ರಸಿದ್ಧ.

ಅಮೆರಿಕ ಮತ್ತು ಯುರೋಪಿನಲ್ಲಿ ಒಂದೇ ಬುಟ್ಟಿಯಲ್ಲಿ ಬಿಳಿ, ಕಂದು, ನೀಲಿ, ಹಸಿರು ಮೊಟ್ಟೆಗಳು ಸಿಗುವಂತೆ ಹಿಂಡನ್ನು ಜೋಡಿಸುವ ಹವ್ಯಾಸವಿದೆ. ಲೆಗಾರ್ನ್, ರೋಡ್ ಐಲೆಂಡ್ ರೆಡ್, ಮರಾನ್ಸ್ ಮತ್ತು ಅರೌಕಾನಾದಿಂದ ಬಂದ ಅಮೆರೌಕಾನಾ ಇಂತಹ ಹಿಂಡುಗಳಲ್ಲಿ ಸಾಮಾನ್ಯ. ಮರಾನ್ಸ್ ಹುಂಜ ಮತ್ತು ನೀಲಿ ಮೊಟ್ಟೆಯ ಹೇಂಟೆಯನ್ನು ಕೂಡಿಸಿ ಎಣ್ಣೆಹಸಿರು ಮೊಟ್ಟೆಯ ಕೋಳಿಯನ್ನೂ ಪಡೆಯುತ್ತಾರೆ.

ಮಿಶ್ರ ಹಿಂಡು

ಬೇರೆಬೇರೆ ತಳಿಗಳನ್ನು ಒಟ್ಟಿಗೆ ಸಾಕುವಾಗ ವಯಸ್ಸು ಮತ್ತು ಗಾತ್ರ ಸಮನಾಗಿರುವುದು ಒಳ್ಳೆಯದು. ಕೋಳಿಗಳಲ್ಲಿ ಮೇಲುಕೀಳಿನ ಕ್ರಮ ಬಲವಾಗಿರುವುದರಿಂದ ಹೊಸದಾಗಿ ಬಂದ, ಬಣ್ಣದಲ್ಲಿ ಬೇರೆಯಾಗಿ ಕಾಣುವ ಒಂಟಿ ಕೋಳಿಯನ್ನು ಉಳಿದವು ಕುಕ್ಕುತ್ತವೆ. ಹೊಸ ಕೋಳಿಗಳನ್ನು ಎರಡು ಮೂರರ ಗುಂಪಿನಲ್ಲಿ, ಕೆಲವು ದಿನ ಜಾಲರಿಯ ಆಚೆಯಿಟ್ಟು ಅನಂತರ ಸೇರಿಸುವುದು ರೂಢಿ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮರಿ ಬೇಡವಾದರೆ ಹುಂಜವಿಲ್ಲದೆಯೂ ಹೇಂಟೆಗಳು ಮೊಟ್ಟೆಯಿಡುತ್ತವೆ. ಅಸೀಲ್ ಹುಂಜಗಳನ್ನು ಒಟ್ಟಿಗೆ ಬಿಡುವಂತಿಲ್ಲ.

ರೋಗ ಮತ್ತು ಲಸಿಕೆ

ಯಾವ ತಳಿಯನ್ನು ಆರಿಸಿದರೂ ಕೊಕ್ಕರೆ ರೋಗವೆಂದು ಹಳ್ಳಿಗಳಲ್ಲಿ ಕರೆಯುವ ರಾಣಿಖೇತ್ ರೋಗ ಒಂದೇ ವಾರದಲ್ಲಿ ಇಡೀ ಹಿಂಡನ್ನು ಕೊಲ್ಲಬಲ್ಲದು. ನಾಟಿ ಕೋಳಿಗೆ ರೋಗ ಬರುವುದಿಲ್ಲವೆಂಬ ಮಾತು ಈ ರೋಗದ ಮಟ್ಟಿಗೆ ನಿಜವಲ್ಲ. ಮರಿಗಳಿಗೆ 5ರಿಂದ 7ನೇ ದಿನದೊಳಗೆ ಲಸೋಟಾ ಅಥವಾ ಎಫ್ ತಳಿಯ ಲಸಿಕೆಯನ್ನು ಕಣ್ಣು ಅಥವಾ ಮೂಗಿಗೆ ಹನಿಯಾಗಿ ಹಾಕುತ್ತಾರೆ. ಸುಮಾರು 8ನೇ ವಾರದಲ್ಲಿ ಆರ್2ಬಿ ಲಸಿಕೆಯನ್ನು ಚುಚ್ಚುತ್ತಾರೆ. ಲಸಿಕೆಯ ಸೀಸೆಗಳು ಸಾಮಾನ್ಯವಾಗಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಬರುತ್ತವೆ, ಮತ್ತು ಕದಡಿದ ಲಸಿಕೆಯನ್ನು ಒಂದೆರಡು ಗಂಟೆಯೊಳಗೆ ಬಳಸಬೇಕು. ಹತ್ತು ಕೋಳಿಗಳ ಮನೆಗೆ ಇದು ಹೊಂದದ ಲೆಕ್ಕ. ಅಕ್ಕಪಕ್ಕದ ಮನೆಯವರು ಒಂದೇ ದಿನ, ಕೋಳಿಗಳು ಗೂಡಿನಿಂದ ಹೊರಬೀಳುವ ಮೊದಲೇ ಒಟ್ಟಾಗಿ ಲಸಿಕೆ ಹಾಕಿಸಿದರೆ ಸೀಸೆ ವ್ಯರ್ಥವಾಗುವುದಿಲ್ಲ.